ಫ್ರೀಬಿಎಸ್‌ಡಿಯಲ್ಲಿ ಒಂದು ಕನ್ನಡ ಪ್ರೋಗ್ರಾಮನ್ನು ಕಂಪೈಲ್ ಮಾಡಿದ ಬಗೆ

ಲಿನಕ್ಸ್, ಫ್ರೀಬಿಎಸ್‌ಡಿಗಳಂಥ ಯುನಿಕ್ಸ್ ಮಾದರಿಯ ಒಂದು ಆಪರೇಟಿಂಗ್ ಸಿಸ್ಟಮನ್ನು ಬಲ್ಲವರಿಗೆ ಇನ್ನೊಂದು ತಾನಾಗಿಯೇ ಒದಗುತ್ತದೆ ಎಂಬ ಮಾತು ಕಡತ ನಕಲು ಮಾಡುವುದು, ಹುಡುಕುವುದು, ಪತ್ರ ಬರೆಯುವುದು ಮುಂತಾದ ದಿನನಿತ್ಯದ ಕೆಲಸಗಳ ಮಟ್ಟಿಗೆ ನಿಜ. ಬೇರೊಬ್ಬರು ಬರೆದ ಸೋರ್ಸ್ ಕೋಡನ್ನು ತಂದು ಕಂಪೈಲ್ ಮಾಡಲು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಲು, ಕುಳಿತಾಗ ಮಾತ್ರ ಆ ಮಾತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತದೆ. ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುವವನು. ಬಹಳ ವರ್ಷ ಲಿನಕ್ಸ್ ಬಳಸಿದ ಮೇಲೆ, ಹಳೆಯ ಪುಸ್ತಕಗಳ ಕಡತಗಳನ್ನು ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಡಿಸ್ಕಿನಲ್ಲಿ ಕಾಪಿಡಬೇಕೆಂಬ ಉದ್ದೇಶದಿಂದ ಒಂದು ಹಳೆಯ ಕಂಪ್ಯೂಟರಿಗೆ ಫ್ರೀಬಿಎಸ್‌ಡಿಯ 14ನೇ ಆವೃತ್ತಿಯನ್ನು ಹಾಕಿದೆ. ಕಾಪಿಡುವ ಕೆಲಸ ತಕರಾರಿಲ್ಲದೆ ನಡೆಯಿತು. ಕಲಿಕೆ ನಡೆದದ್ದು ಅದೇ ಯಂತ್ರದಲ್ಲಿ ನನ್ನ ಅಕ್ಕನ ಮಗ ಬರೆದ ಒಂದು ಸಣ್ಣ ಸಿ ಪ್ರೋಗ್ರಾಮನ್ನು ಕಟ್ಟಲು ಹೊರಟಾಗ.

ಆ ಪ್ರೋಗ್ರಾಮಿನ ಹಿನ್ನೆಲೆ ಹೀಗಿದೆ. ಮಳವಳ್ಳಿಯಲ್ಲಿರುವ ನನ್ನ ಭಾವನವರು ನಿವೃತ್ತ ಮೇಷ್ಟರು. ಸುತ್ತಲಿನ ಹಳ್ಳಿಗಳ ಹಾಡುಗಳನ್ನು ಸಂಗ್ರಹಿಸಿ, ಎಲ್ಲವನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಆ ಫಾಂಟುಗಳಲ್ಲಿ ಒಂದೊಂದು ಅಕ್ಷರಭಾಗಕ್ಕೂ ಒಂದು ಬೈಟ್. ಪರದೆಯ ಮೇಲೆ ಕನ್ನಡ ಕಾಣುತ್ತದೆಯಾದರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳೂ ಯುರೋಪಿನ ಗುರುತುಗಳೂ ಬೆರೆತ ಸಾಲುಗಳು. ಅದನ್ನು ಯುನಿಕೋಡಿಗೆ ತರುವಾಗ ಒಂದಕ್ಕೊಂದು ಬದಲಿಸಿದರೆ ಸಾಲದು. 'ಸೂರ್ಯ' ಎಂಬ ಪದದಲ್ಲಿ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ಯಕಾರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ರಕಾರವೂ ವಿರಾಮವೂ ಯಕಾರಕ್ಕಿಂತ ಮೊದಲು ಇರಬೇಕು. ಹುಡುಗನ ಪ್ರೋಗ್ರಾಮು ಈ ಹಿಂದುಮುಂದನ್ನು ಸರಿಪಡಿಸಿ, ನಂತರ ಪುಸ್ತಕದ ಕೊನೆಗೆ ಬೇಕಾದ ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸಿ ಕೊಡುತ್ತದೆ. ಜೋಡಿಸುವ ಕೆಲಸಕ್ಕೆ ಅವನು ಐಸಿಯು ಎಂಬ ಲೈಬ್ರರಿಯನ್ನು, ಅಂದರೆ ಭಾಷೆಗಳ ಅಕ್ಷರಕ್ರಮ ಬಲ್ಲ ಸಿದ್ಧ ಕೋಡಿನ ಸಂಗ್ರಹವನ್ನು, ಬಳಸಿದ್ದಾನೆ. ಅದಿಲ್ಲದೆ ಬರೀ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ, ಯುನಿಕೋಡಿನ ಪಟ್ಟಿಯಲ್ಲಿ ಳಕಾರವು ಲಕಾರದ ಮಗ್ಗುಲಿಗೇ ಇರುವುದರಿಂದ, 'ಮಳವಳ್ಳಿ' ಎಂಬ ಪದ 'ಮಹದೇಶ್ವರ'ಕ್ಕಿಂತ ಮೊದಲು ಬಂದು ಕೂರುತ್ತದೆ. ನಿಘಂಟು ಬಲ್ಲವರು ಅದನ್ನು ಒಪ್ಪುವುದಿಲ್ಲ, ಭಾವನವರಂತೂ ಒಪ್ಪುವುದೇ ಇಲ್ಲ.

ಲಿನಕ್ಸ್ ಎನ್ನುವಾಗ ನಾವು ಯಂತ್ರವನ್ನು ನೇರವಾಗಿ ನಡೆಸುವ ಕರ್ನಲ್ ಒಂದು ಕಡೆಯದು, ಸಿ ಲೈಬ್ರರಿ ಇನ್ನೊಂದು ಕಡೆಯದು, ಕಂಪೈಲರ್ ಮತ್ತೊಂದು ಕಡೆಯದು ಎಂಬಂಥ ಜೋಡಣೆಯನ್ನು ಹೇಳುತ್ತಿರುತ್ತೇವೆ. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿಎಸ್‌ಡಿ ಎಂಬ ಯುನಿಕ್ಸ್ ಕವಲಿನಿಂದ 1993ರಲ್ಲಿ ಹೊರಟ ಫ್ರೀಬಿಎಸ್‌ಡಿಯಲ್ಲಿ ಕರ್ನಲ್, ಸಿ ಲೈಬ್ರರಿ, ಮೂಲ ಕಮಾಂಡುಗಳು, ಕೈಪಿಡಿಪುಟಗಳು ಒಂದೇ ಸೋರ್ಸ್ ಮರದಲ್ಲಿ ಒಟ್ಟಿಗೆ ಬೆಳೆಯುತ್ತವೆ. ಕಂಪೈಲರೂ ಅದರ ಜೊತೆಗೇ ಬರುತ್ತದೆ. ಮೊದಲು ಅದು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಜಿಸಿಸಿ 4.2.1 ಆಗಿತ್ತು, ಜಿಪಿಎಲ್‌ನ ಎರಡನೆಯ ಆವೃತ್ತಿಯ ಪರವಾನಗಿಯಲ್ಲಿ ಹೊರಬಂದ ಜಿಸಿಸಿಗಳಲ್ಲಿ ಅದೇ ಕೊನೆಯದು. ಮೂರನೆಯ ಆವೃತ್ತಿಯ ಪರವಾನಗಿಯನ್ನು ಒಪ್ಪದ ಫ್ರೀಬಿಎಸ್‌ಡಿಯವರು 2014ರ 10.0 ಬಿಡುಗಡೆಯಿಂದ ಕ್ಲಾಂಗ್ ಕಂಪೈಲರಿಗೆ ಬಂದರು. ಈ ಮೂಲ ವ್ಯವಸ್ಥೆಯ ಹೊರಗಿನಿಂದ ಬರುವುದೆಲ್ಲವೂ, ಅಂದರೆ ನಾವು ಪ್ಯಾಕೇಜಾಗಿ ಹಾಕಿಕೊಳ್ಳುವ ಪ್ರತಿಯೊಂದೂ, /ಯುಎಸ್‌ಆರ್/ಲೋಕಲ್ ಎಂಬ ಡೈರೆಕ್ಟರಿಯೊಳಗೇ ಇರುತ್ತದೆ. ಈ ಗಡಿಯನ್ನು ಅವರು ಬಹಳ ನಿಷ್ಠೆಯಿಂದ ಕಾಯುತ್ತಾರೆ. ನನಗೆ ಎದುರಾದ ತೊಡಕುಗಳಲ್ಲಿ ಅರ್ಧದಷ್ಟು ಈ ಗಡಿಯಿಂದಲೇ ಹುಟ್ಟಿದವು.

ಮೊದಲ ತಡೆ, ಏನನ್ನು ಹೇಗೆ ಕಂಪೈಲ್ ಮಾಡಬೇಕೆಂದು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದದ್ದನ್ನು ಓದಿ ನಡೆಸುವ 'ಮೇಕ್' ಕಮಾಂಡಿನಲ್ಲಿಯೇ ಇತ್ತು. ಮೇಕ್ ಎಂಬುದನ್ನು ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಆಮೇಲೆ ಲಿನಕ್ಸಿನಲ್ಲಿ ಬಳಸುವ ಗ್ನೂ ಕವಲೂ ಬಿಎಸ್‌ಡಿ ಕವಲೂ ತಮ್ಮ ತಮ್ಮ ದಾರಿಯಲ್ಲಿ ಅದನ್ನು ಬೆಳೆಸಿದವು. ಗ್ನೂ ಮೇಕ್‌ನಲ್ಲಿ ಷರತ್ತನ್ನು 'ಇಫ್‌ಈಕ್ಯೂ' ಎಂದು ಬರೆಯುತ್ತಾರೆ, ಬಿಎಸ್‌ಡಿ ಮೇಕ್‌ನಲ್ಲಿ ಚುಕ್ಕೆಯಿಟ್ಟು 'ಇಫ್' ಎಂದು ಬರೆಯುತ್ತಾರೆ. ಷರತ್ತಿನ ವ್ಯತ್ಯಾಸದಿಂದ ತೊಂದರೆಯಿಲ್ಲ. ಆ ಸಾಲಿಗೆ ಬಂದ ಕೂಡಲೇ ಮೇಕ್ ದೂರು ಹೇಳಿ ನಿಲ್ಲುತ್ತದೆ. ಮೋಸಹೋಗುವ ಜಾಗ ಬೇರೆಯದು. ಗ್ನೂ ಮೇಕ್‌ನಲ್ಲಿ 'ಶೆಲ್' ಎಂಬ ಕರೆ ಒಂದು ಕಮಾಂಡನ್ನು ನಡೆಸಿ ಅದರ ಉತ್ತರವನ್ನು ತಂದುಕೊಡುತ್ತದೆ. ಹುಡುಗ ತನ್ನ ಮೇಕ್‌ಫೈಲಿನಲ್ಲಿ ಆವೃತ್ತಿಸಂಖ್ಯೆಯನ್ನು, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಿಂದ ತರಿಸಲು ಇದನ್ನೇ ಬಳಸಿದ್ದ. ಬಿಎಸ್‌ಡಿ ಮೇಕ್ ಅದನ್ನು ಯಾರೂ ಮೌಲ್ಯ ತುಂಬದ ಒಂದು ಚರಾಕ್ಷರ (ವೇರಿಯಬಲ್) ಎಂದು ತಿಳಿದು, ಸದ್ದಿಲ್ಲದೆ ಖಾಲಿ ಪಠ್ಯವನ್ನು ಇಡುತ್ತದೆ. ದೋಷಸೂಚನೆಯಿಲ್ಲದೆ ಪ್ರೋಗ್ರಾಮು ಆವೃತ್ತಿಯೇ ಇಲ್ಲದೆ ಹುಟ್ಟುತ್ತದೆ. ಗ್ನೂ ಮೇಕ್ ಇಲ್ಲಿ 'ಜಿಮೇಕ್' ಎಂಬ ಹೆಸರಿನಲ್ಲಿ ಪ್ಯಾಕೇಜಾಗಿ ಸಿಗುತ್ತದೆ. ಗ್ನೂ ಮೇಕ್‌ಗೆ ಮಾತ್ರ ಅರ್ಥವಾಗುವ ಕಡತಕ್ಕೆ 'ಗ್ನೂಮೇಕ್‌ಫೈಲ್' ಎಂದೇ ಹೆಸರಿಡುವ ಪದ್ಧತಿ ಹಿಂದಿನಿಂದಲೂ ಇದೆ; ಆ ಹೆಸರಿದ್ದರೆ ಬಿಎಸ್‌ಡಿ ಮೇಕ್ ಅದನ್ನು ಮುಟ್ಟುವುದಿಲ್ಲ. ಈ ಸಭ್ಯ ಪದ್ಧತಿಯನ್ನು ಪಾಲಿಸುವವರು ಇಷ್ಟು ಕಡಿಮೆ ಏಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಜಿಮೇಕ್ ಹಾಕಿದ ಮೇಲೆ ಕಂಪೈಲರ್ ಮಾತನಾಡಿತು. ಲೈಬ್ರರಿಯ ಕರೆಗಳನ್ನು ಪಟ್ಟಿಮಾಡಿಟ್ಟ 'ಮ್ಯಾಲಾಕ್.ಎಚ್' ಎಂಬ ಹೆಡರ್ ಫೈಲಿಗೆ ಬದಲಾಗಿ 'ಎಸ್‌ಟಿಡಿಲಿಬ್.ಎಚ್' ಬಂದಿದೆ ಎಂಬರ್ಥದ ಸಾಲನ್ನು ತೋರಿಸಿ ನಿಂತುಬಿಟ್ಟಿತು. ಆ ಸಾಲು ಕಂಪೈಲರಿನದಲ್ಲ, ಫ್ರೀಬಿಎಸ್‌ಡಿಯ ಮ್ಯಾಲಾಕ್.ಎಚ್ ಕಡತದೊಳಗೇ ಅದನ್ನು ದೋಷಸೂಚನೆಯಾಗಿ ಬರೆದಿಟ್ಟಿದ್ದಾರೆ. ಸಿ ಭಾಷೆಯ 1989ರ ಪ್ರಮಾಣವು ಸ್ಮೃತಿಹಂಚಿಕೆಯ ಕರೆಗಳನ್ನು ಎಸ್‌ಟಿಡಿಲಿಬ್.ಎಚ್ ಒಳಗೆ ಸೇರಿಸಿತ್ತು. ಲಿನಕ್ಸಿನಲ್ಲಿ ಎರಡೂ ನಡೆಯುವುದರಿಂದ ಹಳೆಯ ರೂಢಿ ಮುಂದುವರಿಯುತ್ತಲೇ ಇದೆ. ಆ ಒಂದು ಸಾಲನ್ನು ಬದಲಿಸಿದೆ, ಮುಂದಕ್ಕೆ ಹೋದೆ.

ಐಸಿಯು ಹೆಡರ್ ಸಿಗಲಿಲ್ಲ ಎಂಬ ದೂರಿನಲ್ಲಿ ಹೆಚ್ಚು ಕಲಿಯುವುದಿತ್ತು. ಪ್ಯಾಕೇಜನ್ನು ಹಾಕಿಯಾಗಿತ್ತು, ಲಿನಕ್ಸಿನ ಹಲವು ವಿತರಣೆಗಳಂತೆ ಹೆಡರುಗಳನ್ನು ಪ್ರತ್ಯೇಕ ಪ್ಯಾಕೇಜಾಗಿ ತರಿಸಿಕೊಳ್ಳುವ ಅಗತ್ಯ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಎಲ್ಲವೂ ಒಟ್ಟಿಗೆ ಬರುತ್ತವೆ. ಕಡತವು /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್ ಒಳಗೆ ಇದ್ದುದನ್ನು ಕಣ್ಣಾರೆ ಕಂಡೆ. ಆದರೆ ಮೂಲ ವ್ಯವಸ್ಥೆಯ ಕಂಪೈಲರ್ ತಾನಾಗಿ ಅಲ್ಲಿಗೆ ಹೋಗಿ ಹುಡುಕುವುದಿಲ್ಲ, ಏಕೆಂದರೆ ಅದು ಗಡಿಯಾಚೆಯ ಜಾಗ. ದಾರಿಯನ್ನು ನಾವೇ ಹೇಳಬೇಕು. ಹೇಳಿದ ಮೇಲೆ ಕಂಪೈಲ್ ಆಯಿತು. ಆಮೇಲೆ, ಕಂಪೈಲಾದ ಕೋಡನ್ನು ಲೈಬ್ರರಿಗೆ ಕೊಂಡಿಹಾಕುವ ಲಿಂಕರ್ ತನಗೆ ಅದೇ ಲೈಬ್ರರಿ ಸಿಗುತ್ತಿಲ್ಲ ಎಂದಿತು. ಅದಕ್ಕೂ /ಯುಎಸ್‌ಆರ್/ಲೋಕಲ್/ಲಿಬ್ ಎಂಬ ದಾರಿಯನ್ನು ಬೇರೆಯಾಗಿ ಹೇಳಬೇಕಾಯಿತು. ಹಾಗಾದರೆ ಪ್ರೋಗ್ರಾಮನ್ನು ಓಡಿಸುವಾಗ ಮೂರನೆಯ ಸಲವೂ ಹೇಳಬೇಕಾದೀತು ಎಂದುಕೊಂಡರೆ, ಅದರ ಅಗತ್ಯ ಬೀಳಲಿಲ್ಲ. ಯಂತ್ರ ಏಳುವಾಗಲೇ ಲೈಬ್ರರಿಗಳಿರುವ ಜಾಗಗಳ ಪಟ್ಟಿಯನ್ನು ಎಲ್‌ಡಿಕಾನ್ಫಿಗ್ ಎಂಬ ಕಮಾಂಡು ಸಿದ್ಧಪಡಿಸುತ್ತದೆ, ಆ ಪಟ್ಟಿಯಲ್ಲಿ /ಯುಎಸ್‌ಆರ್/ಲೋಕಲ್/ಲಿಬ್ ಸೇರಿರುತ್ತದೆ. ಹೆಡರ್ ಹುಡುಕುವುದು, ಲೈಬ್ರರಿಯನ್ನು ಕೊಂಡಿಹಾಕುವುದು, ಓಡಿಸುವಾಗ ಅದನ್ನು ಸ್ಮೃತಿಗೆ ತರುವುದು ಎಂಬ ಮೂರು ಘಟ್ಟಗಳನ್ನು ಬೇರೆ ಬೇರೆ ಪ್ರೋಗ್ರಾಮುಗಳು, ಬೇರೆ ಬೇರೆ ಪಟ್ಟಿಗಳನ್ನು ಹಿಡಿದು ಮಾಡುತ್ತವೆ ಎಂಬುದನ್ನು ನಾನು ಓದಿದ್ದೆ. ಲಿನಕ್ಸಿನಲ್ಲಿ ಮೂರೂ ಒಂದೇ ಸಲಕ್ಕೆ ಸರಿಹೋಗುತ್ತಿದ್ದುದರಿಂದ ಬಿಡಿಬಿಡಿಯಾಗಿ ನೋಡುವ ಸಂದರ್ಭವೇ ಬಂದಿರಲಿಲ್ಲ.

ಪರೀಕ್ಷೆಗಾಗಿ ಹುಡುಗ ಬರೆದಿದ್ದ ಶೆಲ್ ಸ್ಕ್ರಿಪ್ಟಿನ ಕಥೆ ಚಿಕ್ಕದು. ಅದರ ಮೊದಲ ಸಾಲು /ಬಿನ್/ಬ್ಯಾಶ್ ಎಂದಿತ್ತು. ಕಮಾಂಡುಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಶೆಲ್ ಇಲ್ಲಿ ಹೊರಗಿನಿಂದ ಬಂದದ್ದು, ಆದ್ದರಿಂದ ಅದೂ /ಯುಎಸ್‌ಆರ್/ಲೋಕಲ್/ಬಿನ್ ಒಳಗಿದೆ. ಕಡತ ಕಣ್ಣೆದುರಿಗೇ ಇದ್ದರೂ 'ಸಿಗಲಿಲ್ಲ' ಎಂದು ವ್ಯವಸ್ಥೆ ಹೇಳುವುದು ಸ್ಕ್ರಿಪ್ಟನ್ನು ಕುರಿತಲ್ಲ, ಅದನ್ನು ಓದಬೇಕಾದ ಶೆಲ್ಲನ್ನು ಕುರಿತು. ಇನ್ನೊಂದು ಸಾಲಿನಲ್ಲಿ 'ಸೆಡ್' ಕಮಾಂಡ್ ಕಡತವನ್ನು ಇದ್ದಲ್ಲಿಯೇ ತಿದ್ದಬೇಕಿತ್ತು. ಬಿಎಸ್‌ಡಿಯ ಸೆಡ್‌ನಲ್ಲಿ ಆ ಆಯ್ಕೆಯ ಮುಂದೆ ಹಳೆಯ ಪ್ರತಿಗೆ ಅಂಟಿಸಬೇಕಾದ ಬಾಲವನ್ನು ಹೇಳಲೇಬೇಕು, ಬೇಡವಾದರೆ ಖಾಲಿ ಉದ್ಧರಣ ಚಿಹ್ನೆಯನ್ನಾದರೂ ಇಡಬೇಕು. ಇಡದಿದ್ದಾಗ ಅದು ತಿದ್ದುವ ಸೂತ್ರವನ್ನೇ ಬಾಲವೆಂದು ತಿಳಿದು, 'ಟೇಬಲ್.ಸಿ' ಎಂಬ ಕಡತದ ಹೆಸರನ್ನು ಸೂತ್ರವೆಂದು ಓದಿತು. ಸೆಡ್ ಭಾಷೆಯಲ್ಲಿ ಇಂಗ್ಲಿಷಿನ ಟಿ ಎಂಬ ಅಕ್ಷರಕ್ಕೆ 'ಮುಂದೆ ಹೇಳಿರುವ ಗುರುತಿಗೆ ಜಿಗಿ' ಎಂದು ಅರ್ಥ. ಹಾಗಾಗಿ ಟೇಬಲ್.ಸಿ ಹೆಸರಿನಿಂದ ಟಿ ಅಕ್ಷರವನ್ನು ಕಳೆದು, ಉಳಿದ ಭಾಗದ ಹೆಸರಿನ ಗುರುತು ಎಲ್ಲಿಯೂ ಇಲ್ಲವೆಂದು ದೂರಿತು. ಸಂದೇಶ ಮೊದಲಿಗೆ ಹುಚ್ಚಾಟದಂತೆ ತೋರಿದರೂ, ಅದು ಹಾಗೆ ಹೇಳಿದ್ದಕ್ಕೆ ಕಾರಣ ತಿಳಿದ ಮೇಲೆ ಎಷ್ಟು ಕರಾರುವಾಕ್ಕಾಗಿದೆ ಎನ್ನಿಸಿತು. ಮ್ಯಾಕ್ ಬಳಸುವವರಿಗೂ ಇದೇ ಸೆಡ್ ಸಿಗುವುದರಿಂದ ಅವರಲ್ಲಿ ಕೆಲವರು ಈ ಸಾಲನ್ನು ಗುರುತಿಸಬಹುದು.

ಇಷ್ಟೆಲ್ಲ ಮುಗಿದು ಪ್ರೋಗ್ರಾಮು ಓಡಿದಾಗ ಪದಸೂಚಿಯೂ ಬಂತು, ಅದರಲ್ಲಿ ಅಲ್ಲಲ್ಲಿ ಎರಡೆರಡು ಪದಗಳು ಅಂಟಿಕೊಂಡಿದ್ದವು. ಎಲ್ಲ ಪದಗಳೂ ಅಲ್ಲ, ಯಾವುದೋ ಕೆಲವು ಮಾತ್ರ. ಬೆಂಗಳೂರಿನಲ್ಲಿರುವ ಹುಡುಗನಿಗೆ ಫೋನ್ ಮಾಡಿದೆ.

"ಅಲ್ಲ ಮಾವ, ನನ್ನ ಸಿಸ್ಟಮ್‌ನಲ್ಲಿ ಒಂದು ಸಲವೂ ಹಿಂಗಾಗಿಲ್ವಲ್ಲ! ನಿಮ್ಮ ಬಿಎಸ್‌ಡಿದೇ ಏನೋ ಇರಬೇಕು" ಎಂದ.

ಅಂಟಿದ ಪದಗಳನ್ನು ಪಟ್ಟಿಮಾಡಿ, ಹಳೆಯ ನುಡಿ ಕಡತದಲ್ಲಿ ಅವು ಎಷ್ಟು ಬೈಟ್ ಉದ್ದವಿವೆ ಎಂದು ಎಣಿಸಿದಾಗ ಸುಳಿವು ಸಿಕ್ಕಿತು. ಅಂಟಿಕೊಂಡ ಜೋಡಿಗಳಲ್ಲಿ ಮೊದಲ ಪದ ಯಾವಾಗಲೂ ಸರಿಯಾಗಿ 8 ಅಥವಾ 16 ಬೈಟಿನದಾಗಿತ್ತು. ಸಿ ಭಾಷೆಯಲ್ಲಿ ಪಠ್ಯದ ಕೊನೆಯನ್ನು ಸೂಚಿಸಲು ಒಂದು ಸೊನ್ನೆ ಬೈಟ್ ಬೇಕು; ಹುಡುಗ ಪದದ ಉದ್ದಕ್ಕೆ ಸಮನಾದ ಜಾಗವನ್ನು ಮಾತ್ರ ಕೇಳಿ, ಆ ಸೊನ್ನೆಗೆ ಒಂದು ಬೈಟನ್ನು ಸೇರಿಸಿರಲಿಲ್ಲ. ಲಿನಕ್ಸಿನ ಗ್ನೂ ಲೈಬ್ರರಿಯು, 64 ಬಿಟ್‌ನ ಯಂತ್ರಗಳಲ್ಲಿ, ಎಷ್ಟೇ ಕಡಿಮೆ ಕೇಳಿದರೂ 24 ಬೈಟ್ ಬಳಸಲು ಸಿಗುವಷ್ಟು ಜಾಗ ಕೊಡುತ್ತದೆ. ಹಾಡಿನ ಪದಗಳಲ್ಲಿ 24 ಅಕ್ಷರಭಾಗಗಳಿರುವವು ಇಲ್ಲವೆಂದೇ ಹೇಳಬೇಕು. ಹಾಗಾಗಿ ಸೊನ್ನೆ ಬೈಟ್ ಕೇಳದೆಯೇ ಸಿಕ್ಕ ಹೆಚ್ಚುವರಿ ಜಾಗದಲ್ಲಿ ನೆಮ್ಮದಿಯಾಗಿ ಕುಳಿತಿತ್ತು. ಫ್ರೀಬಿಎಸ್‌ಡಿಯಲ್ಲಿ 2008ರ 7.0 ಬಿಡುಗಡೆಯಿಂದಲೂ ಇರುವುದು ಜೇಸನ್ ಇವಾನ್ಸ್ ಬರೆದ ಜೆಮ್ಯಾಲಾಕ್ ಎಂಬ ಸ್ಮೃತಿಹಂಚಿಕೆಯ ಕೋಡು. ಅದು 8, 16, 32, 48, 64 ಬೈಟ್‌ಗಳ ಗೂಡುಗಳನ್ನು ಸಾಲಾಗಿ, ನಡುವೆ ಏನನ್ನೂ ಬಿಡದೆ ಇಟ್ಟುಕೊಂಡಿರುತ್ತದೆ. 8 ಬೈಟ್ ಕೇಳಿದರೆ ಸರಿಯಾಗಿ 8. ಒಂಬತ್ತನೆಯ ಬೈಟಾಗಿ ಬರೆದ ಸೊನ್ನೆ ಪಕ್ಕದ ಗೂಡಿನ ಮೊದಲ ಬೈಟಿನಲ್ಲಿ ಬಿತ್ತು. ಆಮೇಲೆ ಆ ಗೂಡಿಗೆ ಬಂದ ಪದ ತನ್ನ ಮೊದಲ ಅಕ್ಷರವನ್ನು ಅದರ ಮೇಲೆಯೇ ಬರೆದುಕೊಂಡಿತು. ಕೊನೆಯ ಗುರುತು ಅಳಿಸಿಹೋದ ಮೊದಲ ಪದ, ಓದುವಾಗ ಎರಡನೆಯದರೊಳಗೆ ಹರಿದುಹೋಯಿತು.

ಊಹೆಯನ್ನು ಖಚಿತಪಡಿಸಿಕೊಳ್ಳಲು ಮೂಲ ವ್ಯವಸ್ಥೆಯ ಕ್ಲಾಂಗ್ ಸಾಕು. ಅಡ್ರೆಸ್ ಸ್ಯಾನಿಟೈಸರ್ ಎಂಬ ಆಯ್ಕೆಯನ್ನು ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ, ಪ್ರೋಗ್ರಾಮು ತನಗೆ ಸೇರದ ಸ್ಮೃತಿಯನ್ನು ಮುಟ್ಟಿದ ಕ್ಷಣದಲ್ಲಿಯೇ ನಿಲ್ಲುತ್ತದೆ. 8 ಬೈಟ್‌ಗಳ ಜಾಗಕ್ಕೆ 9 ಬೈಟ್ ಬರೆಯಲಾಯಿತು, ಇಂಥ ಕಡತದ ಇಂಥ ಸಾಲಿನಲ್ಲಿ, ಎಂದು ಅದು ಹೇಳಿತು. ಅದೇ ಆಯ್ಕೆಯನ್ನು ಲಿನಕ್ಸಿನಲ್ಲಿಯೂ ಹಾಕಿ ನೋಡೆಂದು ಹುಡುಗನಿಗೆ ಹೇಳಿದೆ. "ನಿನ್ನ ಸಿಸ್ಟಮ್‌ನಲ್ಲೂ ಆಗ್ತಿದೆ ಕಣಪ್ಪ, ಕಾಣ್ತಿರಲಿಲ್ಲ ಅಷ್ಟೆ" ಎಂದದ್ದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಯೂ ಅದೇ ಸಾಲು ಸಿಕ್ಕಿತೆಂದು ಒಪ್ಪಿಕೊಂಡ. ಒಂದೇ ಕೋಡನ್ನು ಎರಡು ಬೇರೆ ಮನೆತನದ ವ್ಯವಸ್ಥೆಗಳಲ್ಲಿ ಕಟ್ಟಿ ನೋಡುವುದರ ಪ್ರಯೋಜನವನ್ನು ನಾನು ಇದಕ್ಕಿಂತ ಚೆನ್ನಾಗಿ ವಿವರಿಸಲಾರೆ.

ಇದೆಲ್ಲವನ್ನೂ ಕೈಯಾರೆ ಮಾಡಿದ ಮೇಲೆ ನಾನು ಹೊರಗಿನ ತಂತ್ರಾಂಶಗಳನ್ನು ಸೋರ್ಸಿನಿಂದ ಕಟ್ಟುವ ಬಗೆಯನ್ನು ಬರೆದಿಟ್ಟ ಪೋರ್ಟ್ಸ್ ಮರದತ್ತ ಹೋದೆ. ಫ್ರೀಬಿಎಸ್‌ಡಿಗೆ ಹೊಸದಾಗಿ ಬಂದವರು ಪೋರ್ಟ್ಸನ್ನು ಪ್ಯಾಕೇಜು ಹಾಕುವ ನಿಧಾನದ ದಾರಿ ಎಂದುಕೊಂಡು ಬಿಟ್ಟುಬಿಡುವುದುಂಟು. ಸಿದ್ಧ ಪ್ಯಾಕೇಜುಗಳು ಸಿಗುವಾಗ ಬಳಸುವವರ ಮಟ್ಟಿಗೆ ಅದು ಸರಿಯೇ. ಕಂಪೈಲ್ ಮಾಡುವುದನ್ನು ಕಲಿಯಬೇಕೆನ್ನುವವರಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ. ಜೋರ್ಡನ್ ಹಬ್ಬರ್ಡ್ 1994ರಲ್ಲಿ ಆರಂಭಿಸಿದ ಈ ಸಂಗ್ರಹದಲ್ಲಿ ಈಗ 30,000ಕ್ಕೂ ಹೆಚ್ಚು ತಂತ್ರಾಂಶಗಳಿವೆ. ಒಂದೊಂದಕ್ಕೂ ಒಂದು ಡೈರೆಕ್ಟರಿ. ಅದರೊಳಗೆ ಒಂದು ಚಿಕ್ಕ ಮೇಕ್‌ಫೈಲ್, ಸೋರ್ಸ್ ಕಡತದ ಗಾತ್ರವನ್ನೂ ಅದು ಬದಲಾಗಿಲ್ಲವೆಂದು ತಾಳೆನೋಡುವ ಎಸ್‌ಎಚ್‌ಎ 256 ಮೊತ್ತವನ್ನೂ ಬರೆದಿಟ್ಟ ಒಂದು ಕಡತ, ಬೇಕಾದಲ್ಲಿ 'ಫೈಲ್ಸ್' ಎಂಬ ಒಳಡೈರೆಕ್ಟರಿಯಲ್ಲಿ ಒಂದಷ್ಟು ಪ್ಯಾಚುಗಳು, ಅಂದರೆ ಸೋರ್ಸಿಗೆ ಮಾಡಬೇಕಾದ ತಿದ್ದುಪಡಿಗಳು. ಆ ಪ್ಯಾಚುಗಳೇ ಓದಬೇಕಾದ ಭಾಗ. ಒಂದರಲ್ಲಿ ಮ್ಯಾಲಾಕ್.ಎಚ್ ತೆಗೆದಿರುತ್ತಾರೆ. ಇನ್ನೊಂದರಲ್ಲಿ, ತಾನು ಯಾವ ಕಡತದಿಂದ ಓಡುತ್ತಿದ್ದೇನೆ ಎಂದು ತಿಳಿಯಲು /ಪ್ರಾಕ್ ಡೈರೆಕ್ಟರಿಯನ್ನು ನೋಡುತ್ತಿದ್ದ ಪ್ರೋಗ್ರಾಮಿಗೆ 'ಸಿಸ್‌ಕಂಟ್ರೋಲ್' ಕರೆಯ ದಾರಿ ತೋರಿಸಿರುತ್ತಾರೆ, ಏಕೆಂದರೆ ಫ್ರೀಬಿಎಸ್‌ಡಿಯಲ್ಲಿ /ಪ್ರಾಕ್ ತಾನಾಗಿ ಇರುವುದಿಲ್ಲ. ಮತ್ತೊಂದು ಕಡೆ, ಹಲವು ಸಂಪರ್ಕಗಳಲ್ಲಿ ಏನಾದರೂ ಬಂತೇ ಎಂದು ಕಾಯುವ ಲಿನಕ್ಸಿನ 'ಈಪೋಲ್' ಕರೆಗಳನ್ನು ಫ್ರೀಬಿಎಸ್‌ಡಿಯ 'ಕೆಕ್ಯೂ' ಮೇಲೆ ಕೂರಿಸುವ ಮಧ್ಯವರ್ತಿ ಲೈಬ್ರರಿಯನ್ನು ಜೋಡಿಸಿರುತ್ತಾರೆ. ಸ್ಕ್ರಿಪ್ಟುಗಳ ಮೊದಲ ಸಾಲನ್ನು ತಿದ್ದುವ ಕೆಲಸ ಎಷ್ಟು ಸಲ ಬರುತ್ತದೆಂದರೆ, ಅದಕ್ಕೆ ಪ್ಯಾಚು ಬರೆಯುವ ಅಗತ್ಯವಿಲ್ಲದಂತೆ 'ಶೆಬ್ಯಾಂಗ್‌ಫಿಕ್ಸ್' ಎಂಬ ಪದವನ್ನೂ ತಿದ್ದಬೇಕಾದ ಕಡತಗಳ ಹೆಸರುಗಳನ್ನೂ ಮೇಕ್‌ಫೈಲಿನಲ್ಲಿ ಬರೆದರೆ ಸಾಕೆಂಬ ಏರ್ಪಾಡೇ ಇದೆ. ನನ್ನನ್ನು ತಡೆದು ನಿಲ್ಲಿಸಿದ್ದ ತೊಡಕುಗಳಲ್ಲಿ ಬಹುಪಾಲು ಅಲ್ಲಿ ಮೂರು ದಶಕಗಳಿಂದ ಬೇರೆ ಬೇರೆಯವರ ಕೈಯಲ್ಲಿ ಬಿಡಿಸಿಕೊಂಡು ಕುಳಿತಿದ್ದವು.

ಹುಡುಗನ ಪ್ರೋಗ್ರಾಮಿಗೂ ನಾನೇ ಒಂದು ಪೋರ್ಟ್ ಬರೆದೆ. ಹೊರಗೆ ಕೊಡಲಿಕ್ಕಲ್ಲ, ಮನೆಯ ಬಳಕೆಗೆ. ಅದನ್ನು ಬರೆಯುವಾಗ ಮೇಕ್‌ಫೈಲಿನ 'ಇನ್‌ಸ್ಟಾಲ್' ಭಾಗದ ದೌರ್ಬಲ್ಯಗಳು ಹೊರಬಂದವು. ಪೋರ್ಟ್ಸ್ ವ್ಯವಸ್ಥೆಯು ಕಡತಗಳನ್ನು ನೇರವಾಗಿ ಅವುಗಳ ಜಾಗಕ್ಕೆ ಕಳುಹಿಸದೆ, ಮೊದಲು ಒಂದು ತಾತ್ಕಾಲಿಕ ಡೈರೆಕ್ಟರಿಯೊಳಗೆ ಇಡಿಸಿ, ಅಲ್ಲಿಂದ ಪ್ಯಾಕೇಜು ಕಟ್ಟುತ್ತದೆ. ಹುಡುಗ /ಯುಎಸ್‌ಆರ್/ಬಿನ್ ಎಂದು ನೇರವಾಗಿ ಬರೆದಿದ್ದುದರಿಂದ ಆ ಕ್ರಮ ಅಲ್ಲಿಯೇ ಕೆಟ್ಟಿತು. ಡೈರೆಕ್ಟರಿ ಇಲ್ಲದಿದ್ದರೆ ತಾನೇ ಮಾಡಿಕೊಳ್ಳಲೆಂದು 'ಇನ್‌ಸ್ಟಾಲ್' ಕಮಾಂಡಿಗೆ ಅವನು ಕೊಟ್ಟಿದ್ದ ದೊಡ್ಡ ಡಿ ಆಯ್ಕೆ ಗ್ನೂದವರದು. ಬಿಎಸ್‌ಡಿಯಲ್ಲಿ ಅದೇ ಅಕ್ಷರಕ್ಕೆ ಬೇರೆ ಕೆಲಸವಿದೆ.

ಐಸಿಯು ಇರುವ ಜಾಗದ ವಿಚಾರದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ವಾದ ನಡೆಯಿತು. /ಯುಎಸ್‌ಆರ್/ಲೋಕಲ್ ಎಂಬ ದಾರಿಯನ್ನೇ ಮೇಕ್‌ಫೈಲಿನಲ್ಲಿ ಸೇರಿಸಿಬಿಡುತ್ತೇನೆ ಎಂದು ಅವನು ಹೊರಟಿದ್ದ. ಆದರೆ ಬಿಎಸ್‌ಡಿಯದೇ ಇನ್ನೊಂದು ವ್ಯವಸ್ಥೆಯಾದ ನೆಟ್‌ಬಿಎಸ್‌ಡಿಯವರು ಫ್ರೀಬಿಎಸ್‌ಡಿಯ ಪೋರ್ಟ್ಸನ್ನೇ ಆಧರಿಸಿ 1997ರಲ್ಲಿ ಆರಂಭಿಸಿದ 'ಪಿಕೆಜಿಸೋರ್ಸ್' ಅಲ್ಲಿ ಎಲ್ಲವನ್ನೂ /ಯುಎಸ್‌ಆರ್/ಪಿಕೆಜಿ ಒಳಗೆ ಇಡುತ್ತದೆ. ಒಂದು ವ್ಯವಸ್ಥೆಯ ದಾರಿಯನ್ನು ಬರೆದಿಟ್ಟರೆ ಇನ್ನೊಂದರಲ್ಲಿ ಇದೇ ಕಥೆ ಮರುಕಳಿಸುತ್ತದೆ. ಆದ್ದರಿಂದ ದಾರಿಯನ್ನು 'ಪಿಕೆಜಿ-ಕಾನ್ಫಿಗ್' ಎಂಬ ಕಮಾಂಡನ್ನೇ ಕೇಳಿ ತಿಳಿಯುವಂತೆ ಬರೆಯೋಣವೆಂದೆ. ಒಪ್ಪಿದ. ಷರತ್ತಿನ ಸಾಲುಗಳನ್ನೂ 'ಶೆಲ್' ಕರೆಯನ್ನೂ ತೆಗೆದು, ಮೇಕ್‌ಫೈಲನ್ನು ಎರಡು ಕವಲಿನ ಮೇಕ್‌ಗಳಿಗೂ ಅರ್ಥವಾಗುವಂತೆ ಚಿಕ್ಕದು ಮಾಡಿದ. ಅದರಿಂದ ನನ್ನ ಪೋರ್ಟಿನಲ್ಲಿ ಜಿಮೇಕ್ ಬೇಕೆಂದು ಬರೆದಿದ್ದ ಪದವನ್ನು ಅಳಿಸಿದೆ. ಸ್ಮೃತಿಯ ತಪ್ಪನ್ನು, ತಾನೇ ಜಾಗ ಕೇಳಿ ಪಠ್ಯದ ಪ್ರತಿ ಮಾಡಿಕೊಡುವ 'ಎಸ್‌ಟಿಆರ್‌ಡಪ್' ಕರೆಯಿಂದ ಸರಿಪಡಿಸಿದ. ಸೊನ್ನೆ ಬೈಟನ್ನು ಲೆಕ್ಕಕ್ಕೆ ಸೇರಿಸುವ ಹೊಣೆ ಈಗ ಲೈಬ್ರರಿಯದು. ಪರೀಕ್ಷೆಯ ಕಡತದಲ್ಲಿ 1ರಿಂದ 64 ಬೈಟ್‌ವರೆಗಿನ ಪ್ರತಿಯೊಂದು ಉದ್ದದ ಪದವೂ ಇದೆ, ಅದನ್ನು ಅವನ ಲಿನಕ್ಸಿನಲ್ಲಿಯೂ ನನ್ನ ಫ್ರೀಬಿಎಸ್‌ಡಿಯಲ್ಲಿಯೂ ಸ್ಯಾನಿಟೈಸರ್ ಹಾಕಿಯೇ ಓಡಿಸುತ್ತೇವೆ. ಭಾವನವರು ಪದಸೂಚಿಯ ಮುದ್ರಿತ ಪ್ರತಿಯಲ್ಲಿ ಕೆಂಪು ಶಾಯಿಯಿಂದ ಗುರುತುಹಾಕಿ ಕಳುಹಿಸಿರುವ ತಪ್ಪುಗಳೆಲ್ಲ ಅರ್ಕಾವೊತ್ತಿನವು. ಅವುಗಳಲ್ಲಿ ಕೆಲವು ಪ್ರೋಗ್ರಾಮಿನವು, ಕೆಲವು ಅವರೇ ಟೈಪ್ ಮಾಡುವಾಗ ಬಿಟ್ಟವು, ಯಾವುದು ಯಾವುದೆಂದು ಹುಡುಗ ಈಗ ಬೇರ್ಪಡಿಸುತ್ತಿದ್ದಾನೆ.